ಪಡುವಣ ಬದಿಯ ಕಂಬಳಿ

ಪಾಳೆಯದ ನಡುವೆ ನಿಲ್ಲುವ ದೇವದರ್ಶನದ ಗುಡಾರದ ಬಾಗಿಲು ಮೂಡಣಕ್ಕೆ, ನಮ್ಮ ಬೆನ್ಯಾಮೀನ್ ಕುಲದವರ ಡೇರೆಗಳು ಪಡುವಣಕ್ಕೆ. ಈ ಮರಳುಗಾಡಿನಲ್ಲಿ ಎಲ್ಲಿ ಇಳಿದರೂ ಇದೇ ಏರ್ಪಾಡು. ಬಾಗಿಲ ತೆರೆಯ ನೀಲಿ, ನೇರಳೆ, ಕಡುಗೆಂಪು ನೋಡುವ ಭಾಗ್ಯ ಯೆಹೂದ ಕುಲದವರದು. ನಮಗೆ ಬೆಳಗಾದರೆ ಕಾಣುವುದು ಅಂಗಳದ ಬಿಳಿ ಪರದೆಯ ಮೇಲೆ ಎದ್ದು ನಿಂತ ಗುಡಾರದ ಕಂದು ಬೆನ್ನು, ಅಷ್ಟೇ. ಒಂದು ಪಾರಿವಾಳ ಬಲಿ ಕೊಡಬೇಕೆಂದರೂ ಅರ್ಧ ಪಾಳೆಯ ಸುತ್ತಿ, ಬೆವರು ಒರೆಸಿಕೊಂಡು ಆಚೆ ಬದಿಗೆ ಹೋಗಬೇಕು. ಹೋದರೆ ಅಲ್ಲಿನವರು ಹಲ್ಲು ಕಿರಿದು, "ಓಹೋ, ಹಿಂದಿನವರು ಬಂದ್ರು" ಅನ್ನುತ್ತಾರೆ. ಹಿಂದಿನವರಂತೆ!

ನಾವೆಲ್ಲ ಕೇಳಿಯೂ ಕೇಳದವರ ಹಾಗೆ ಇದ್ದುಬಿಡುತ್ತಿದ್ದೆವು. ಅಟಾರಾ ಬಿಡುತ್ತಿರಲಿಲ್ಲ. "ಹೂಂ ಕಣಪ್ಪಾ, ಹಿಂದಿನವರೇ. ಮುಂದೆ ಹೋಗೋ ನಿಮ್ಮ ಎತ್ತುಗಳು ದಾರೀಲಿ ಬಿಟ್ಟಿದ್ದನ್ನೆಲ್ಲ ತುಳ್ಕೊಂಡು ಬರೋರು ನಾವೇ. ಕಾಲು ತೊಳೆಯೋಕೆ ನೀರು ಕೊಡ್ತೀಯಾ?" ಎಂದು ನಿಂತಲ್ಲೇ ಮಂಗಳಾರತಿ ಮಾಡಿ ಬರುತ್ತಿದ್ದಳು.

ಅಟಾರಾ ಪೆಲೆತನ ಹೆಂಡತಿ. ಕುಳ್ಳಗಿನ ಮೈಕಟ್ಟು, ಮೂಗಿನ ತುದಿಯಲ್ಲೇ ಕೋಪ. ಆಡಿನ ಕೂದಲಿನ ಕೆಲಸದಲ್ಲಿ ಮಾತ್ರ ಅವಳ ಸಮಕ್ಕೆ ನಮ್ಮಲ್ಲಿ ಯಾರೂ ಇರಲಿಲ್ಲ. ಬೇರೆ ಹೆಂಗಸರು ಕೂದಲು ಕತ್ತರಿಸಿ, ತೊಳೆದು, ಹಿಂಜಿ ಆಮೇಲೆ ನೂಲುತ್ತಿದ್ದರು. ಅಟಾರಾಳ ತವರಿನ ಹೆಂಗಸರು ಕತ್ತರಿಯನ್ನೇ ಮುಟ್ಟುತ್ತಿರಲಿಲ್ಲ. ಆಡನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಅದರ ಮೈಮೇಲಿರುವ ಕೂದಲನ್ನೇ ಎಳೆ ಎಳೆಯಾಗಿ ತೆಗೆದು ಕದಿರಿಗೆ ಹೊಸೆಯುತ್ತಿದ್ದರು. ಜೀವ ಇರುವ ಕೂದಲಿನ ನೂಲು ಬೆಳಗುತ್ತದೆ ಎಂದು ಅವರ ನಂಬಿಕೆ. ಆಡು ಅಲುಗದೆ ನಿಲ್ಲಲಿ ಎಂದು ಹೆಂಗಸರು ಏನಾದರೂ ಗುನುಗುತ್ತಿರಬೇಕು. ಅಟಾರಾ ಗುನುಗುತ್ತಿರಲಿಲ್ಲ, ಬೈಯುತ್ತಿದ್ದಳು. ಅವಳ ಆಡುಗಳಿಗೆ ಅದೇ ಅಭ್ಯಾಸವಾಗಿ, ಬೈಗುಳ ನಿಂತರೆ ಒದೆಯುತ್ತಿದ್ದವು.

ಅವಳ ಸಿಟ್ಟಿಗೆ ಕಾರಣ ಇರಲಿಲ್ಲವೆಂದಲ್ಲ. ಸೀನಾಯ್ ಬೆಟ್ಟದ ಬುಡದಲ್ಲಿ ಜನರೆಲ್ಲ ಸೇರಿ ಚಿನ್ನದ ಕರು ಮಾಡಿಸಿದ ಆ ಹಾಳು ದಿನ, ಪೆಲೆತ ಹೆಂಡತಿಯ ಕಿವಿಯ ಓಲೆ ಬಿಚ್ಚಿಕೊಂಡು ಓಡಿಹೋಗಿ ಕೊಟ್ಟುಬಂದಿದ್ದ. ಎಲ್ಲರೂ ಕೊಟ್ಟರು, ಇವನೂ ಕೊಟ್ಟ. ಆಮೇಲೆ ನಮ್ಮನ್ನು ನಡೆಸುತ್ತಿದ್ದ ಮೋಶೆ ಬೆಟ್ಟದಿಂದ ಇಳಿದು ಬಂದು ಆ ಕರುವನ್ನು ಸುಟ್ಟು, ಪುಡಿ ಮಾಡಿ, ನೀರಿಗೆ ಬೆರೆಸಿ ಎಲ್ಲರಿಗೂ ಕುಡಿಸಿದ. "ನನ್ನ ಓಲೆ ನಾನೇ ಕುಡಿದೆ" ಎಂದು ಅಟಾರಾ ಸಾಯುವ ತನಕ ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಪೆಲೆತ ಎದ್ದು ಆಡುಗಳ ಕಡೆ ಹೋಗುತ್ತಿದ್ದ.

ಅದಾದ ಸ್ವಲ್ಪ ಕಾಲಕ್ಕೆ ಗುಡಾರ ಕಟ್ಟಲು ಕಾಣಿಕೆ ತನ್ನಿ ಎಂದು ಕರೆ ಬಂತು. ಚಿನ್ನ ಉಳಿದಿದ್ದವರು ಚಿನ್ನ ತಂದರು, ಕೆಲವರು ಮುಖ ನೋಡಿಕೊಳ್ಳುವ ಕಂಚಿನ ಕನ್ನಡಿಯನ್ನೇ ತಂದರು. ಅಟಾರಾಳ ಹತ್ತಿರ ಇದ್ದದ್ದು ಆಡು. ಕೊಟ್ಟರೆ ಎಲ್ಲರೂ ಬಾಯಿ ಬಿಟ್ಟು ನೋಡುವಂಥ ನೂಲು ಕೊಡಬೇಕೆಂದು ಹಟ ಹಿಡಿದಳು. ಒಂದೆಳೆ ದಪ್ಪವಾಯಿತೆಂದು ಬಿಚ್ಚಿದಳು, ಇನ್ನೊಂದು ಸಣ್ಣದಾಯಿತೆಂದು ಬಿಚ್ಚಿದಳು. ಕಡೆಗೊಂದು ದಿನ ನೂಲಿನ ಉಂಡೆ ಕಂಕುಳಲ್ಲಿಟ್ಟುಕೊಂಡು, ಕೊನೆಯ ಎಳೆ ಇನ್ನೂ ಮೈಗೆ ಅಂಟಿಕೊಂಡೇ ಇದ್ದ ಆಡನ್ನೂ ಎಳೆದುಕೊಂಡು ಹೊರಟಳು. ಪಾಳೆಯದ ನಡುವೆ ಸಾರುವವನು ಕೂಗುತ್ತಿದ್ದ: "ಸಾಕು! ಇನ್ನು ಗಂಡಸಾಗಲಿ ಹೆಂಗಸಾಗಲಿ ಯಾರೂ ಏನೂ ತರಬೇಡಿ! ಬೇಕಾದ್ದಕ್ಕಿಂತ ಹೆಚ್ಚಾಗಿದೆ!"

"ಅಣ್ಣಾ, ಇದೊಂದು ತಗೊಂಡ್ಬಿಡು. ನೋಡಾದ್ರೂ ನೋಡು" ಎಂದಳು ಅಟಾರಾ.

"ಸಾಕು ಅಂದ್ರೆ ಸಾಕಮ್ಮಾ. ನಾನೇನು ನನ್ನ ಮನೆ ಮಾತು ಹೇಳ್ತಿದ್ದೀನಾ?"

ಅವಳು ಹಿಂದಿರುಗಿದಳು. ಆ ನೂಲು ಆಡು ಕಟ್ಟುವ ಹಗ್ಗವಾಯಿತು. ಅಷ್ಟು ಚೆಂದದ ಹಗ್ಗ ಲೋಕದಲ್ಲಿ ಯಾವ ಆಡಿನ ಕೊರಳಿಗೂ ಬಿದ್ದಿರಲಾರದು.

ಇದು ಅವಮಾನ, ನುಂಗಿಕೊಳ್ಳಬಹುದಿತ್ತು. ಮರುವರ್ಷ ಬಿದ್ದದ್ದು ಪೆಟ್ಟು. ನಾವು ಜೀತಕ್ಕಿದ್ದ ಐಗುಪ್ತ ದೇಶ ಬಿಟ್ಟು ಹೊರಟದ್ದೇ ದೇವರು ಕೊಡುತ್ತೇನೆಂದ ನಾಡಿಗೆ. ಆ ನಾಡು ನೋಡಿಬಂದ ಗೂಢಚಾರರು, ಅಲ್ಲಿನವರ ಮುಂದೆ ನಾವು ಮಿಡತೆಗಳು ಅಂದರು. ಜನ ಎದೆ ಬಡಿದುಕೊಂಡು ಅತ್ತರು, ಐಗುಪ್ತಕ್ಕೇ ವಾಪಸು ಹೋಗೋಣ ಅಂದರು. ಅದಕ್ಕೆ ದೇವರ ತೀರ್ಪಾಯಿತು: ದೊಡ್ಡವರಾದ ನೀವು ಆ ನಾಡು ಸೇರುವುದಿಲ್ಲ, ಈ ಮರಳಲ್ಲೇ ಬೀಳುತ್ತೀರಿ, ನಿಮ್ಮ ಮಕ್ಕಳು ಸೇರುತ್ತಾರೆ. ಹೆಂಗಸರು ತಮ್ಮ ತಮ್ಮ ಮಕ್ಕಳ ತಲೆ ಸವರಿ ಸಮಾಧಾನ ಮಾಡಿಕೊಂಡರು. ಅಟಾರಾಳಿಗೆ ಮಕ್ಕಳಿರಲಿಲ್ಲ. ಸವರಲು ಅವಳ ಕೈಗೆ ಸಿಕ್ಕಿದ್ದು ಆಡಿನ ತಲೆ.

ವರ್ಷಗಳು ಹೋದವು. ಒಂದು ಮಧ್ಯಾಹ್ನ ಯೋವಾಹ ಎಂಬ ಲೇವಿಯ ಅವಳ ಡೇರೆಗೆ ಬಂದ. ಗುಡಾರದ ಸೇವೆಗೇ ಮೀಸಲಾದ ಲೇವಿಯರಲ್ಲಿ ಅವನದು ಗೇರ್ಷೋನನ ಮನೆತನ. ಗುಡಾರದ ಬಟ್ಟೆಗಳನ್ನೆಲ್ಲ ಮಡಚಿ, ಎತ್ತಿನ ಬಂಡಿಗೆ ಹೇರಿ, ಮುಂದಿನ ಠಾವಿನಲ್ಲಿ ಮತ್ತೆ ಹೊದಿಸುವುದು ಅವರ ಪಾಲಿನ ಸೇವೆ.

"ಅಟಾರಕ್ಕಾ, ಮನೇಲಿದ್ದೀರಾ?"

"ಮನೆ ಎಲ್ಲಪ್ಪಾ ಇದೆ? ಗೂಟಕ್ಕೆ ಕಟ್ಟಿದ ಚೀಲ ಇದು. ಬಾ, ಕೂತ್ಕೋ."

"ಗುಡಾರದ ಕಂಬಳಿ ಹೊದಿಕೇಲಿ ಒಂದು ಪಟ ಪೂರ್ತಿ ಹೋಗಿದೆ ಅಕ್ಕಾ. ಬಾಗಿಲ ಮೇಲೆ ಮಡಚಿ ಇಳಿಬಿಡೋದು. ಬಿಸಿಲು, ಗಾಳಿ ಎಲ್ಲ ಅದಕ್ಕೇ ಬಡಿಯೋದು. ಹೊಲಿದೂ ಹೊಲಿದೂ ಸಾಕಾಯ್ತು. ಅಷ್ಟುದ್ದಕ್ಕೂ ಒಂದೇ ಸಮ ನೂಲೋರು ಯಾರು ಅಂತ ಕೇಳಿದ್ರೆ ಎಲ್ಲರೂ ನಿಮ್ಮ ಹೆಸರೇ ಹೇಳ್ತಾರೆ. ಬೈತಾರೆ, ಆದ್ರೆ ನೂಲ್ತಾರೆ ಅಂದ್ರು."

"ಈಗ ಬೇಕಾಯ್ತಾ? ಅವತ್ತು ಸಾಕು ಸಾಕು ಅಂತ ಗಂಟಲು ಹರ್ಕೊಂಡ್ರಲ್ಲ?"

ಯೋವಾಹ ತಲೆ ಕೆರೆದುಕೊಂಡ. ಅಟಾರಾ ಅವನನ್ನು ಬಿಡದೆ ಕೇಳಿದಳು, ಆ ಪಟ ಯಾವುದರ ಮೇಲೆ ಬೀಳುತ್ತದೆ, ಯಾವುದರ ಕೆಳಗೆ ಎಂದು. ಅವನು ಅಂಗೈ ಮೇಲೆ ಅಂಗೈ ಇಟ್ಟು ತೋರಿಸಿದ. ಎಲ್ಲಕ್ಕಿಂತ ಒಳಗೆ ನಯವಾದ ನಾರಿನ ಬಟ್ಟೆ, ಅದರ ತುಂಬ ರೆಕ್ಕೆಯ ದೇವದೂತರ ಚಿತ್ತಾರ. ಅದರ ಮೇಲೆ ಆಡಿನ ಕೂದಲಿನ ಕಂಬಳಿ. ಅದರ ಮೇಲೆ ಕೆಂಪು ಬಳಿದ ಟಗರಿನ ಚರ್ಮ. ಹೊರಗೆ ಕಂದು ಬಣ್ಣದ ಗಟ್ಟಿ ತೊಗಲು.

"ಅಂದ್ರೆ ನಮ್ಮದು ಯಾರ ಕಣ್ಣಿಗೂ ಬೀಳಲ್ಲ."

"ಬಾಗಿಲ ಹತ್ರ ಆ ಮಡಿಕೆ ಕಾಣುತ್ತೆ ಅಕ್ಕಾ. ಬರೋರು ಹೋಗೋರೆಲ್ಲ ನೋಡ್ತಾರೆ."

"ನೀಲಿ ಅಂದ್ರೆ ಆಕಾಶ, ಚಿನ್ನ ಅಂದ್ರೆ ದೇವರ ಬೆಳಕು ಅಂತ ಏನೇನೋ ಹೇಳ್ತೀರಲ್ಲ ನೀವು. ಆಡಿನ ಕೂದಲಿಗೆ ಏನರ್ಥ?"

"ಅದನ್ನ ಯಾರೂ ಹೇಳಿಲ್ಲ."

"ಎಲ್ಲಿಂದ ಹೇಳ್ತಾರೆ? ಇದು ನಮ್ಮಂಥೋರ ಬಟ್ಟೆ."

ಬೈದಳು, ಒಪ್ಪಿಕೊಂಡಳು. ಅವನು ಹೋದ ಮೇಲೆ ಗಂಡನ ಮುಂದೆ ಕೂತು, ಎಂದೂ ಇಲ್ಲದ ಹಾಗೆ ದನಿ ತಗ್ಗಿಸಿ ಹೇಳಿದಳು: "ಕೇಳಿ ಇಲ್ಲಿ. ನಾವಿಬ್ಬರೂ ಆ ನಾಡಿಗೆ ಹೋಗಲ್ಲ. ನಮ್ಮದು ಅಂತ ಹೋಗೋಕೆ ಒಂದು ಕೂಸೂ ಇಲ್ಲ. ಆದ್ರೆ ಗುಡಾರ ಹೋಗೇ ಹೋಗುತ್ತೆ. ಈ ಕಂಬಳಿ ಅದರ ಜೊತೆ ಹೋಗುತ್ತೆ. ನನ್ನ ಕೈ ಕೆಲಸ ಹೋದ್ರೆ ನಾನು ಹೋದ ಹಾಗೇನೆ." ಮರುದಿನ ಪೆಲೆತ ಜಾಲಿಯ ಕೊಂಬೆ ಕಡಿದು ತಂದು ಮಗ್ಗಕ್ಕೆ ಗೂಟ ಕೆತ್ತಿಕೊಟ್ಟ.

ನಮ್ಮ ಮಗ್ಗ ನೆಲದ ಮೇಲೇ ಇರುವುದು. ಈ ತುದಿಗೆ ಎರಡು ಗೂಟ, ಆ ತುದಿಗೆ ಎರಡು ಗೂಟ, ನಡುವೆ ಬಿಗಿಯಾಗಿ ಎಳೆದ ಹಾಸಿನ ಎಳೆಗಳು. ಗುಡಾರದ ಪಟವೆಂದರೆ ಮೂವತ್ತು ಮೊಳ. ಅಷ್ಟುದ್ದದ ಹಾಸು ಹೂಡಿದರೆ ಅಟಾರಾಳ ಬಾಗಿಲಿಂದ ಶುರುವಾಗಿ ಪಕ್ಕದವರ ಮೂರು ಡೇರೆ ದಾಟಿ ಹೋಗುತ್ತಿತ್ತು. ದಾಟುವವರು ಎಡವಿದರೆ ಬೈಗುಳ, ಎಡವದಿದ್ದರೆ ಮೆಲ್ಲಗೆ ದಾಟಿದ್ದಕ್ಕೆ ಬೈಗುಳ. ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹೊಕ್ಕಿನ ಎಳೆ ತೂರಿಸಿ, ಮರದ ಹಲಗೆಯಿಂದ ಬಡಿದು, ಜಿಂಕೆ ಕೊಂಬಿನಿಂದ ಎಳೆ ಕೂಡಿಸಿಕೊಂಡು ಮುಂದೆ ಮುಂದೆ ಸರಿಯುತ್ತಿದ್ದಳು.

ಇಂಥ ಮಗ್ಗಕ್ಕೆ ಬೇಕಾದದ್ದು ಒಂದೇ: ಕದಲದ ನೆಲ. ನಮಗಿಲ್ಲದ್ದೂ ಅದೇ. ಗುಡಾರದ ಮೇಲೆ ದೇವರ ಗುರುತಾದ ಮೇಘ ನಿಂತಿರುವ ತನಕ ನಾವು ನಿಲ್ಲಬೇಕು. ಮೇಘ ಎದ್ದಿತೋ, ತುತೂರಿ ಊದುತ್ತಾರೆ, ಗಂಟುಮೂಟೆ ಕಟ್ಟಬೇಕು. ಯಾವಾಗ ಏಳುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಕೇಳುವ ಹಾಗೂ ಇಲ್ಲ.

ಅಟಾರಾ ಮೊದಲ ಐದಾರು ಮೊಳ ನೇಯ್ದಳೋ ಇಲ್ಲವೋ, ತುತೂರಿ ಊದಿತು. ಅವಳು ಹಲಗೆಯನ್ನು ನೆಲಕ್ಕೆ ಕುಕ್ಕಿ ಎದ್ದು, ಮೇಘದ ಕಡೆ ಕೈ ನೀಡಿ ಕೂಗಿದಳು: "ಈಗಲಾ? ಇವತ್ತೇ ಏಳಬೇಕಿತ್ತಾ ನಿನಗೆ?"

ಪೆಲೆತ ಬೆವತುಹೋದ. "ಮೆಲ್ಲಗೆ ಮಾತಾಡೇ, ಕೇಳಿಸೀತು!"

"ಕೇಳಿಸ್ಲಿ ಅಂತಾನೇ ಹೇಳ್ತಿರೋದು!"

ಗೂಟ ಕಿತ್ತು, ನೇಯ್ದದ್ದನ್ನೂ ನೇಯದ್ದನ್ನೂ ಸುತ್ತಿ ಕತ್ತೆಯ ಮೇಲೆ ಹೇರಿದರು. ಮುಂದಿನ ಠಾವಿನಲ್ಲಿ ಮತ್ತೆ ಹೂಡಿದರೆ ಹಾಸಿನ ಬಿಗಿ ಮೊದಲಿನಂತೆ ಕೂರಲಿಲ್ಲ, ಅಂಚು ಒಳಕ್ಕೆ ಎಳೆಯಿತು. ಬಿಚ್ಚಿ ಮತ್ತೆ ನೇಯ್ದಳು. ಅದರ ಮುಂದಿನ ಠಾವು ಬರೀ ಕಲ್ಲು, ಗೂಟ ಇಳಿಯಲೇ ಇಲ್ಲ. ಅದರಾಚೆಯದರಲ್ಲಿ ನೆಲ ಚೆನ್ನಾಗಿತ್ತು, ಹೂಡಿ ಮಲಗಿದರು, ಬೆಳಗಾಗುವಷ್ಟರಲ್ಲಿ ಮೇಘ ಎದ್ದಿತ್ತು. ಹಾಳಾಗಿ ಹೋಗಲಿ ಎಂದು ಅವಳು ಬಿಚ್ಚುವುದನ್ನೇ ಬಿಟ್ಟಳು. ವಕ್ರವಾದರೆ ವಕ್ರ, ಮುಂದಕ್ಕೆ ನೇಯ್ದರೆ ಸಾಕು ಅನ್ನುವಷ್ಟು ರೋಸಿಹೋಗಿದ್ದಳು.

ಹೀಗೆ ಮುಕ್ಕಾಲು ಭಾಗ ಮುಗಿಯಿತು. ಆಮೇಲೆ ನಾವು ನೀರೂ ಮೇವೂ ಇರುವ ಒಂದು ಕಣಿವೆಯಲ್ಲಿ ಇಳಿದೆವು. ಪೆಲೆತ ಗೂಟ ಹೊಡೆಯಲು ಸುತ್ತಿಗೆ ಎತ್ತಿದರೆ ಅಟಾರಾ ತಡೆದಳು.

"ಬೇಡ. ನಾನು ಹೂಡಿದ ತಕ್ಷಣ ಅದು ಏಳುತ್ತೆ. ಹೊಂಚು ಹಾಕ್ಕೊಂಡು ಕೂತಿದೆ. ನೋಡೋಣ, ಎಷ್ಟು ದಿನ ಇರುತ್ತೋ."

ಒಂದು ವಾರ ಆಯಿತು, ಮೇಘ ನಿಂತೇ ಇತ್ತು. "ನಾಳೆ ಏಳುತ್ತೆ" ಎಂದಳು. ಒಂದು ತಿಂಗಳಾಯಿತು. ಜನ ಮಣ್ಣಿನ ಒಲೆ ಕಟ್ಟಿಕೊಂಡು, ಬೆಳಗಾದರೆ ಆಕಾಶದಿಂದ ಉದುರಿರುವ ಮನ್ನದ ಕಾಳಿನಿಂದ ರೊಟ್ಟಿ ಸುಡತೊಡಗಿದರು. "ಈಗಂತೂ ಹೂಡಲ್ಲ. ಇಷ್ಟು ದಿನ ಆಗಿದೆ, ಇನ್ನೇನು ಎದ್ದೇಬಿಡುತ್ತೆ" ಎಂದಳು. ಆಡುಗಳು ಮರಿ ಹಾಕಿದವು. ಪಕ್ಕದ ಡೇರೆಯಲ್ಲಿ ಮದುವೆಯಾಯಿತು, ಮದುಮಗಳು ಬಸುರಿಯೂ ಆದಳು. ಮೇಘ ಕದಲಲಿಲ್ಲ. ಸುತ್ತಿಟ್ಟ ಕಂಬಳಿಯ ಮೇಲೆ ಬೆಕ್ಕು ಮಲಗತೊಡಗಿತು. ಇಡೀ ಕಂಬಳಿಯನ್ನು ಬಿಚ್ಚಿ ಮತ್ತೆ ನೇಯಲು ಸಾಲುವಷ್ಟು ಕಾಲ ಅವಳು ಕೈಕಟ್ಟಿ ಕೂತು ಆಕಾಶ ನೋಡಿದಳು. ಇಂಥ ಮಂಕುತನ ಬೇರೆ ಜನರಲ್ಲಿ ಯಾರು ಮಾಡುತ್ತಾರೆ ಹೇಳಿ! ಅವರಿಗೆ ಊರು ಇರುತ್ತದೆ, ನೆಲ ಇರುತ್ತದೆ. ಅಲೆದು ಅಲೆದು ನಿಲ್ಲುವುದನ್ನೇ ನಂಬದವರು ನಾವು.

ಕಡೆಗೆ ಒಂದು ಬೆಳಿಗ್ಗೆ ಪೆಲೆತನೇ ಕೇಳದೆ ಹೇಳದೆ ಗೂಟ ಹೊಡೆದ. ಅಟಾರಾ ಗೊಣಗುತ್ತಲೇ ಕೂತಳು, ನೇಯ್ದಳು, ಕೈಗೆ ಹದ ಸಿಕ್ಕಿತು. ಇನ್ನು ನಾಲ್ಕು ಮೊಳ ಇದೆ ಎನ್ನುವಾಗ ತುತೂರಿ ಊದಿತು.

ಈ ಸಲ ಅವಳು ಕೂಗಲಿಲ್ಲ. ಏಳಲೂ ಇಲ್ಲ. ಯೆಹೂದದವರು ಹೊರಟರು. ಯೋವಾಹನ ಜನ ಗುಡಾರ ಬಿಚ್ಚಿ ಬಂಡಿಗೆ ಹೇರಿ ಅವರ ಹಿಂದೆ ಹೋದರು. ನಮ್ಮ ಕುಲದ ಸರದಿಯೂ ಬಂತು, ನಾವೂ ಹೊರಟೆವು. ಪೆಲೆತ ಬಂದು ಮಗ್ಗದ ಗೂಟಕ್ಕೆ ಕೈ ಹಾಕಿದ.

"ಆ ಗೂಟ ಮುಟ್ಟಿದ್ರೆ ನೋಡಿ" ಎಂದಳು ಅಟಾರಾ, ತಲೆ ಎತ್ತದೆ. "ಓಲೆ ಬಿಚ್ಚಿದ ಕೈ ಅದು. ಇದನ್ನೂ ಬಿಚ್ಚಬೇಡಿ."

ಪೆಲೆತ ಕೈ ತೆಗೆದ. ಅವಳ ಎದುರಿಗೆ ಮಂಡಿಯೂರಿ ಕೂತ. "ಆ ಕಡೆಯಿಂದ ತೂರಿಸು. ಈ ಕಡೆ ನಾನು ಎಳ್ಕೊಳ್ತೀನಿ."

"ನಿಮಗೆ ಬರಲ್ಲ."

"ಬೈ. ಬರುತ್ತೆ."

ಅವಳು ಬೈದಳು, ಅವನು ಎಳೆದ. ಎಲ್ಲರ ಹಿಂದೆ ಬರುವವರು ದಾನ್ ಕುಲದವರು. ಬಿದ್ದದ್ದು, ಬಿಟ್ಟದ್ದನ್ನು ಹೆಕ್ಕಿಕೊಂಡು ಬರುವುದೇ ಅವರ ಕೆಲಸ. ಅವರಲ್ಲೊಬ್ಬ ಗಡ್ಡದವನು ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟ.

"ಏನಜ್ಜೀ, ಏಳ್ತೀರೋ, ಇಲ್ಲ ನಿಮ್ಮನ್ನೂ ಅದರಲ್ಲೇ ಸುತ್ತಿ ಹೊತ್ಕೊಂಡು ಹೋಗ್ಲೋ?"

"ಮೂವತ್ತು ಮೊಳದ ಹೆಗಲಿದ್ರೆ ಹೊತ್ಕೋ. ಇಲ್ದಿದ್ರೆ ಬಾಯಿ ಮುಚ್ಕೊಂಡು ನೆರಳಿಗೆ ನಿಂತ್ಕೋ."

"ಎಲ್ಲಿದೆ ನೆರಳು?"

"ನನ್ನನ್ಯಾಕೆ ಕೇಳ್ತೀಯಾ? ಎದ್ದು ಹೋಯ್ತಲ್ಲ, ಆ ಮೇಘನ ಕೇಳು!"

ಗಡ್ಡದವನು ಬಾಯಿಗೆ ಬಂದದ್ದು ಗೊಣಗುತ್ತ ನಿಂತ. ಹೊತ್ತು ಇಳಿಯುವ ಮೊದಲು ಕೊನೆಯ ಎಳೆ ಬಿತ್ತು. ಅವನೇ ಹೆಗಲು ಕೊಟ್ಟು ಕಂಬಳಿಯನ್ನು ಕತ್ತೆಯ ಮೇಲೆ ಹೇರಿದ.

ಹೊಸ ಠಾವಿನಲ್ಲಿ ಯೋವಾಹ ಅದನ್ನು ಮರಳ ಮೇಲೆ ಬಿಡಿಸಿ, ತುದಿಯಿಂದ ತುದಿಗೆ ನಡೆದು ನೋಡಿದ. ನಡೆಯುತ್ತಾ ನಡೆಯುತ್ತಾ ಅವನ ಮುಖ ಸಣ್ಣದಾಯಿತು.

"ಅಕ್ಕಾ, ನೂಲು ಚಿನ್ನದಂಥದ್ದು. ಆದ್ರೆ ಇಲ್ಲಿ ನೋಡಿ, ಅಂಚು ಒಳಗೆ ಹೋಗಿದೆ. ಇಲ್ಲಿ ಅಗಲ. ಇಲ್ಲಿ ಮತ್ತೆ ಸೊಟ್ಟ."

"ಅದು ಒಂದೇ ರಾತ್ರಿ ನಿಂತ ಜಾಗ. ಇದು ಕಲ್ಲುಗಾಡು ದಾಟಿದ ಮೇಲಿಂದು. ಆ ತುದಿ ನನ್ನ ಗಂಡಂದು, ಅದಕ್ಕೇ ಹಾಗಿದೆ. ಈಗೇನು?"

"ಬಾಗಿಲಿಗೆ ಆಗಲ್ಲ ಅಕ್ಕಾ. ಮಡಚಿದ್ರೆ ಅಂಚಿಗೆ ಅಂಚು ಕೂಡಲ್ಲ. ಹಿಂಬದಿಯ ಪಟ ಇನ್ನೂ ಗಟ್ಟಿಯಾಗಿದೆ, ನೇರವಾಗಿದೆ. ಅದನ್ನ ಮುಂದಕ್ಕೆ ತರ್ತೀವಿ. ಇದನ್ನ ಹಿಂದೆ ಇಳಿಬಿಡ್ತೀವಿ."

ಅಟಾರಾಳ ಬಾಯಿಂದ ಹೊರಟ ಮಾತುಗಳಲ್ಲಿ ಹೇಳಬಹುದಾದದ್ದನ್ನು ಹೇಳುತ್ತೇನೆ. "ಹಿಂದಕ್ಕಾ? ಕೂತರೂ ಹಿಂದೆ, ನಡೆದರೂ ಹಿಂದೆ, ಈಗ ಇದೂ ಹಿಂದೆ! ಸೊಟ್ಟ ಮಾಡಿದ್ದು ನಾನಾ? ನಿಲ್ಲೋಕೆ ಬಿಟ್ರಾ ನನ್ನ? ಆ ಮೇಘವೇ ಎಬ್ಬಿಸೋದು, ಅದೇ ಸೊಟ್ಟ ಅನ್ನೋದು!" ಅಷ್ಟು ಹೇಳಿ ಮರಳಲ್ಲಿ ಕೂತು, ಮುಸುಕು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಓಲೆ ಹೋದಾಗಲೂ ಅವಳು ಅತ್ತಿರಲಿಲ್ಲ.

ಯೋವಾಹ ಅವಳ ಪಕ್ಕ ಕೂತ. "ನಮ್ಮ ಡೇರೆಗಳೂ ಹಿಂದೆಯೇ ಇರೋದು ಅಕ್ಕಾ, ನಿಮ್ಮ ಮುಂದಿನ ಸಾಲಲ್ಲೇ. ಒಂದು ಮಾತು ಕೇಳಿ. ಆ ಕಡೆ ಬಾಗಿಲಿಂದ ಹೋದ್ರೆ ಮೊದಲು ಬಲಿಪೀಠ, ಆಮೇಲೆ ಕೈಕಾಲು ತೊಳೆಯೋ ತೊಟ್ಟಿ. ಗುಡಾರದ ಒಳಗೆ ದೀಪ, ರೊಟ್ಟಿ ಇಡೋ ಮೇಜು, ಧೂಪ. ಅದೂ ದಾಟಿದ್ರೆ ಒಂದು ತೆರೆ, ತೆರೆಯಾಚೆ ಮಂಜೂಷ. ದೇವರು ಇರೋದು ಅಲ್ಲಿ. ಮುಂದಿನವರಿಗೆ ಅಷ್ಟು ದೂರ. ಹಿಂದಿನಿಂದ ಎಷ್ಟು ಹೇಳಿ? ಒಂದು ಹಲಗೆ, ಒಂದು ನಾರಿನ ಬಟ್ಟೆ, ಅದರ ಮೇಲೆ ನಿಮ್ಮ ಕಂಬಳಿ. ಇನ್ನೊಂದು. ಕೂದಲಿಗೆ ಏನರ್ಥ ಅಂತ ಕೇಳಿದ್ರಲ್ಲ. ನನಗೆ ಗೊತ್ತಿಲ್ಲ. ಆದ್ರೆ ಹೊದಿಸೋನು ನಾನು. ಒಳಗಿನ ಚಿತ್ತಾರದ ಬಟ್ಟೆ ಹಾಕಿದಾಗ ಅದು ಅರಮನೆ ಹಾಗೆ ಕಾಣುತ್ತೆ, ಹತ್ತಿರ ಹೋಗೋಕೂ ಭಯ ಆಗುತ್ತೆ. ಮೇಲೆ ಆಡಿನ ಕೂದಲು ಬಿದ್ದ ಮೇಲೇ ಅದು ಡೇರೆ ಆಗೋದು, ನಿಮ್ಮದರ ಹಾಗೆ, ನನ್ನದರ ಹಾಗೆ."

"ಏನೇ ಹೇಳು, ಬೆನ್ನು ಬೆನ್ನೇ."

ಪೆಲೆತ ಕತ್ತೆಯ ಹಗ್ಗ ಹಿಡಿದು ನಿಂತಿದ್ದವನು ಮೆಲ್ಲಗೆ ಅಂದ: "ಬೆಟ್ಟದ ಮೇಲೆ ಮುಖ ತೋರ್ಸು ಅಂತ ಮೋಶೆ ಅಷ್ಟು ಬೇಡ್ಕೊಂಡಾಗ್ಲೂ ಕಂಡಿದ್ದು ದೇವರ ಬೆನ್ನೇ ಅಲ್ವೇನೇ?"

"ನಿಮ್ಮನ್ನ ಯಾರು ಕೇಳಿದ್ರು?" ಎಂದಳು ಅಟಾರಾ.

ಅವಳಿಗೆ ಸಮಾಧಾನವಾಯಿತು ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಕಂಬಳಿ ಹಿಂಬದಿಗೆ ಏರಿತು, ಅದರ ಮೇಲೆ ಕೆಂಪು ಚರ್ಮ, ಅದರ ಮೇಲೆ ಕಂದು ತೊಗಲು. ಅವಳ ಬಾಗಿಲಿಂದ ಕಾಣುತ್ತಿದ್ದದ್ದು ಮತ್ತೆ ಅದೇ ಕಂದು ಬೆನ್ನು. ಆದರೆ ಗಾಳಿ ಜೋರಾಗಿ ಬೀಸಿದರೆ ತೊಗಲು, ಚರ್ಮ ಎರಡರ ಮೂಲೆಯೂ ಎದ್ದು, ಕೆಳಗಿನ ಕಪ್ಪು ಒಂದಿಷ್ಟು ಕಾಣಿಸಿ ಮರೆಯಾಗುತ್ತಿತ್ತು. ಅಟಾರಾ ಕದಿರು ಹಿಡಿದು ಬಾಗಿಲಲ್ಲಿ ಕೂತು ಅದಕ್ಕೆಂದೇ ಕಾಯುತ್ತಿದ್ದಳು. ಗಾಳಿ ಇಲ್ಲದ ದಿನ ಗಾಳಿಯನ್ನೂ ಬೈಯುತ್ತಿದ್ದಳು: "ಬೀಸು! ಏನು ಸತ್ತ ಹಂಗೆ ಮಲಗಿದ್ದೀಯಾ?"

ಮೇಘ ಎದ್ದಾಗಲೆಲ್ಲ ಈಗ ಕಂಬಳಿ ಅವಳಿಗಿಂತ ಮುಂದೆ ಹೊರಡುತ್ತಿತ್ತು. ಅವಳು ಧೂಳು ಕುಡಿದು ತಲುಪುವಷ್ಟರಲ್ಲಿ ಅದು ಆಗಲೇ ಗುಡಾರದ ಮೇಲೆ ಏರಿ ನಿಂತಿರುತ್ತಿತ್ತು. "ನನ್ನನ್ನ ಕಾಯ್ತಾ ಅದು? ಕಾಯಲ್ಲ" ಅನ್ನುತ್ತಿದ್ದಳು. ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಒಂದು ಠಾವಿನಲ್ಲಿ ಅವಳು ಮಲಗಿದವಳು ಏಳಲಿಲ್ಲ. "ಎದ್ದಿತಾ?" ಎಂದು ಮೇಘದ ವಿಷಯ ಕೇಳುತ್ತಿದ್ದಳು. "ಇನ್ನೂ ಇಲ್ಲ ಕಣೇ" ಅನ್ನುತ್ತಿದ್ದ ಪೆಲೆತ. ಅವಳನ್ನು ಅಲ್ಲೇ ಮರಳಲ್ಲಿ ಮಲಗಿಸಿದೆವು. ಅದಾದ ಮೇಲೆ ತುತೂರಿ ಊದಿತು. ಪೆಲೆತ ಒಬ್ಬನೇ ಡೇರೆಯ ಗೂಟ ಕಿತ್ತು, ಕದಿರನ್ನೂ ಜಿಂಕೆ ಕೊಂಬನ್ನೂ ಗಂಟಿನಲ್ಲಿಟ್ಟುಕೊಂಡು ಹೊರಟ.

ಹೊಸ ಜಾಗ ತಲುಪಿದಾಗ ಗುಡಾರ ಆಗಲೇ ನಿಂತಿತ್ತು. ಪೆಲೆತ ಡೇರೆ ಹೂಡಿ, ಅವಳು ಕೂರುತ್ತಿದ್ದ ಜಾಗದಲ್ಲಿ ಕೂತು ಆ ಬೆನ್ನನ್ನೇ ನೋಡಿದ. ಒಂದು ಹುಲ್ಲೂ ಅಲುಗುತ್ತಿರಲಿಲ್ಲ. ಬಹಳ ಹೊತ್ತು ಕಾದ.

"ಬೀಸು" ಎಂದ ಕಡೆಗೆ. "ಏನು ಸತ್ತ ಹಂಗೆ ಮಲಗಿದ್ದೀಯಾ?"

ಹೆಂಡತಿಯ ಹಾಗೆ ಬೈಯಲು ಅವನಿಗೆ ಬರುತ್ತಿರಲಿಲ್ಲ. ಆದರೂ ಗಾಳಿ ಬರುವ ತನಕ ಬೈಯುತ್ತಲೇ ಕೂತಿದ್ದ.